ಕಲ್ಲು ಕಟ್ಟಿದ್ದು ನೀರಾ, ಬ್ಯಾಕ್ಟೀರಿಯಾನಾ?

ಪ್ರಶ್ನೆ: ನಾವು ಸಿಯಾಟಲ್‌ನಲ್ಲಿದ್ದೇವೆ. ಹಾಸನದಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಯೆಲ್ಲೋಸ್ಟೋನ್ ಪಾರ್ಕ್‌ಗೆ ಹೋಗಿದ್ದೆವು. ಅಲ್ಲಿನ ಮ್ಯಾಮತ್ ಹಾಟ್ ಸ್ಪ್ರಿಂಗ್ಸ್‌ನ ಬಿಳಿ ಮೆಟ್ಟಿಲುಗಳನ್ನು ನೋಡಿ ಅಮ್ಮ, "ಇದು ನಮ್ಮ ಬಚ್ಚಲ ಹಂಡೇಲಿ ಕಟ್ಟೋ ಸುಣ್ಣ ಕಣೋ" ಅಂದರು. ಗೈಡ್ ಮಾತ್ರ, ಈ ಕಲ್ಲನ್ನು ಬ್ಯಾಕ್ಟೀರಿಯಾಗಳು ಕಟ್ಟಿವೆ ಅಂದರು. ಯಾರು ಹೇಳಿದ್ದು ಸರಿ? ಆ ಹಳದಿ, ಕಿತ್ತಳೆ ಬಣ್ಣಗಳು ಖನಿಜದ್ದಾ, ಜೀವಿಗಳದ್ದಾ? ಅಷ್ಟು ಬಿಸಿಯಲ್ಲಿ ಏನಾದರೂ ಹೇಗೆ ಬದುಕುತ್ತದೆ? ಕರ್ನಾಟಕದಲ್ಲಿ ಇಂಥ ಜಾಗ ಇದೆಯಾ?

ಉತ್ತರ: ನಿಮ್ಮ ತಾಯಿಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಹಂಡೆಯ ಒಳಗೆ ಕಟ್ಟುವ ಬಿಳಿ ಪದರ, ಗೀಸರ್ ಕಾಯಿಲ್ ಮೇಲೆ ಗಟ್ಟಿಯಾಗಿ ಕೂರುವ ಹಕ್ಕಳೆ, ಮ್ಯಾಮತ್‌ನ ಆ ದೊಡ್ಡ ಮೆಟ್ಟಿಲುಗಳು, ಈ ಮೂರೂ ಮುಖ್ಯವಾಗಿ ಒಂದೇ ವಸ್ತು. ಕ್ಯಾಲ್ಸಿಯಂ ಕಾರ್ಬೊನೇಟ್. ಬಿಸಿನೀರಿನ ಬುಗ್ಗೆಯ ಪಕ್ಕ ಹೀಗೆ ಕೂತ ಕಲ್ಲಿಗೆ ಟ್ರಾವರ್ಟೈನ್ ಎನ್ನುತ್ತಾರೆ. ಬೆಂಗಳೂರಿನ ಕಲ್ಲಿನ ಅಂಗಡಿಗಳಲ್ಲಿ ಸಣ್ಣ ಸಣ್ಣ ತೂತುಗಳಿರುವ ತಿಳಿ ಕೆನೆಬಣ್ಣದ ಚಪ್ಪಡಿ ನೋಡಿರಬಹುದು, ಅದೇ ಇದು. ರೋಮಿನ ಕೊಲೋಸಿಯಂ ಕಟ್ಟಿದ್ದೂ ಹತ್ತಿರದ ಟಿವೋಲಿಯಿಂದ ತಂದ ಟ್ರಾವರ್ಟೈನ್‌ನಲ್ಲಿ.

ಇದು ನೀರಿನೊಳಗೆ ಹೇಗೆ ಬಂತು? ಯೆಲ್ಲೋಸ್ಟೋನ್‌ನಲ್ಲಿ ಬಿದ್ದ ಮಳೆ, ಕರಗಿದ ಹಿಮ ನೆಲದೊಳಗೆ ಇಳಿಯುತ್ತದೆ. ಕೆಳಗೆ ಶಿಲಾಪಾಕದ ಶಾಖ ಇದೆ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಅನಿಲವೂ ಇದೆ. ಆ ಅನಿಲ ಬೆರೆತ ನೀರು ಸ್ವಲ್ಪ ಹುಳಿಯಾಗುತ್ತದೆ. ಮ್ಯಾಮತ್‌ನ ಅಡಿಯಲ್ಲಿ ಬಹಳ ಹಿಂದೆ ಕಡಲ ತಳದಲ್ಲಿ ಕೂತ ಸುಣ್ಣದಕಲ್ಲಿನ ದಪ್ಪ ಪದರವಿದೆ. ಹಂಡೆಗೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಸುಣ್ಣ ಬಿಡುತ್ತದೆ ಅಲ್ವಾ? ಅದೇ ಕೆಲಸವನ್ನು ನೆಲದೊಳಗೆ ಈ ಹುಳಿ ನೀರು ಮಾಡುತ್ತದೆ. ಸುಣ್ಣದಕಲ್ಲನ್ನು ಕರಗಿಸಿ ಹೊತ್ತುಕೊಂಡು ಮೇಲೆ ಬರುತ್ತದೆ.

ಮೇಲೆ ಬಂದ ಕೂಡಲೇ ಒತ್ತಡ ಹೋಗುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಏನಾಗುತ್ತದೋ ಅದೇ ಇಲ್ಲೂ. ಅನಿಲ ಬುಸ್ ಎಂದು ಗಾಳಿಗೆ ಹೋಗುತ್ತದೆ. ಅನಿಲ ಹೋದ ಹಾಗೆ ಹುಳಿಯೂ ಹೋಗುತ್ತದೆ. ಬುಗ್ಗೆಯ ಬಾಯಲ್ಲಿ ಸುಮಾರು 6 ಇರುವ ಪಿಎಚ್ (ಹುಳಿಯ ಅಳತೆ, ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ), ನೀರು ಇಳಿಜಾರಿನಲ್ಲಿ ಹರಿದು ಕೆಳಗೆ ತಲುಪುವ ಹೊತ್ತಿಗೆ 8ರ ಹತ್ತಿರ ಬಂದಿರುತ್ತದೆ. ಹುಳಿ ಇಲ್ಲದ ನೀರಿಗೆ ಅಷ್ಟೊಂದು ಸುಣ್ಣ ಹೊರುವ ಶಕ್ತಿ ಇಲ್ಲ. ಇಳಿಸಿಬಿಡುತ್ತದೆ. ಮ್ಯಾಮತ್‌ನಲ್ಲಿ ಕೆಲವು ಕಡೆ ಈ ಕಲ್ಲು ದಿನಕ್ಕೆ ಮಿಲಿಮೀಟರ್‌ಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಪ್ರವಾಸಿಗರಿಗಾಗಿ ಹಾಕಿದ ಮರದ ದಾರಿಗಳನ್ನೇ ಕಲ್ಲು ನುಂಗಿದ್ದುಂಟು.

ಇಲ್ಲಿಯವರೆಗೆ ಜೀವಿಯ ಮಾತೇ ಬರಲಿಲ್ಲ. ಬ್ಯಾಕ್ಟೀರಿಯಾ ಒಂದೂ ಇಲ್ಲದಿದ್ದರೂ ಮ್ಯಾಮತ್‌ನಲ್ಲಿ ಸುಣ್ಣ ಕೂತೇ ಕೂರುತ್ತಿತ್ತು. ಹಾಗಾದರೆ ಗೈಡ್ ಹೇಳಿದ್ದು ತಪ್ಪಾ? ಅದೂ ತಪ್ಪಲ್ಲ. ಇದನ್ನು ಬಿಡಿಸಿ ಹೇಳಲು ನನಗೆ ಕಲ್ಲುಸಕ್ಕರೆಗಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಕಲ್ಲುಸಕ್ಕರೆ ಮಾಡುವವರು ಗಟ್ಟಿ ಸಕ್ಕರೆ ಪಾಕದೊಳಗೆ ದಾರ ಇಳಿಬಿಡುತ್ತಾರೆ. ಪಾಕ ಆರಿದ ಹಾಗೆ ಹರಳು ಆ ದಾರವನ್ನು ಹಿಡಿದು ಬೆಳೆಯುತ್ತದೆ. ದಾರ ಸಕ್ಕರೆಯನ್ನು ಹುಟ್ಟಿಸಲಿಲ್ಲ. ದಾರ ಇಲ್ಲದಿದ್ದರೂ ಪಾತ್ರೆಯ ತಳದಲ್ಲಿ ಸಕ್ಕರೆ ಹೆಪ್ಪುಗಟ್ಟುತ್ತಿತ್ತು. ಆದರೆ ಹರಳು ಎಲ್ಲಿ ಶುರುವಾಗಬೇಕು, ಎಷ್ಟು ಬೇಗ ಬೆಳೆಯಬೇಕು, ಕೊನೆಗೆ ಯಾವ ಆಕಾರಕ್ಕೆ ಬರಬೇಕು ಎನ್ನುವುದನ್ನು ತೀರ್ಮಾನ ಮಾಡಿದ್ದು ದಾರ. ಬುಗ್ಗೆಯಲ್ಲಿ ಆ ದಾರದ ಜಾಗದಲ್ಲಿರುವುದು ಸೂಕ್ಷ್ಮಜೀವಿ. ವ್ಯತ್ಯಾಸ ಏನೆಂದರೆ ಈ ದಾರಕ್ಕೆ ಜೀವ ಇದೆ. ಅದು ಬೆಳೆಯುತ್ತದೆ, ಸರಿಯುತ್ತದೆ, ಲೋಳೆ ಸುರಿಸುತ್ತದೆ, ತನ್ನ ಸುತ್ತಲಿನ ನೀರಿನ ಗುಣವನ್ನೇ ಬದಲಿಸುತ್ತದೆ.

ಇದನ್ನು ನೋಡಬೇಕೆಂದರೆ ಬುಗ್ಗೆಯ ಬಾಯಿಂದ ನೀರಿನ ಜೊತೆಗೇ ಕೆಳಗೆ ಇಳಿಯಬೇಕು. ಇಲಿನಾಯ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಬ್ರೂಸ್ ಫೌಕ್ ಮತ್ತು ಜೊತೆಗಾರರು ಮ್ಯಾಮತ್‌ನ ಏಂಜೆಲ್ ಟೆರೇಸ್ ಎಂಬಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿದರು. ನೀರಿನ ಹರಿವನ್ನು ಐದು ಪಟ್ಟಿಗಳಾಗಿ ವಿಂಗಡಿಸಿದರು. ನಾವೂ ಅದೇ ದಾರಿಯಲ್ಲಿ ಇಳಿಯೋಣ.

ಮೊದಲು ಬುಗ್ಗೆಯ ಬಾಯಿ. ನೀರು ಸುಮಾರು 73 ಡಿಗ್ರಿ ಸೆಲ್ಸಿಯಸ್. ಇಷ್ಟು ಬಿಸಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಅರಗೊನೈಟ್ ಎಂಬ ರೂಪದಲ್ಲಿ ಕೂರುತ್ತದೆ. ಅದರ ಹರಳು ಸೂಜಿಯ ಹಾಗೆ. ತಣ್ಣಗಿನ ನೀರಿನಲ್ಲಿ ಅದೇ ವಸ್ತು ಕ್ಯಾಲ್ಸೈಟ್ ಆಗುತ್ತದೆ, ಆಗ ಹರಳು ದಪ್ಪ, ಮೂಲೆ ಮೂಲೆಯಾಗಿರುತ್ತದೆ. ವಸ್ತು ಒಂದೇ, ಜೋಡಣೆ ಬೇರೆ. ಹಾಗಾಗಿ ಹಳೇ ಟ್ರಾವರ್ಟೈನ್ ತುಂಡಿನಲ್ಲಿ ಹರಳು ನೋಡಿದರೇ ಆ ಜಾಗದಲ್ಲಿ ನೀರು ಎಷ್ಟು ಬಿಸಿ ಇತ್ತು ಎಂದು ಒಂದು ಅಂದಾಜು ಸಿಗುತ್ತದೆ.

ಬಾಯಿಂದ ನೀರು ರಭಸವಾಗಿ ಹರಿಯುವ ಕಾಲುವೆಗೆ ಬನ್ನಿ. ನನ್ನನ್ನು ಕೇಳಿದರೆ ಇಡೀ ಮ್ಯಾಮತ್‌ನಲ್ಲಿ ನೋಡಲೇಬೇಕಾದ ಜಾಗ ಇದು. ಆದರೆ ಬಹಳ ಜನ ದಾಟಿ ಹೋಗಿಬಿಡುತ್ತಾರೆ, ಏಕೆಂದರೆ ಇಲ್ಲಿ ಬಣ್ಣ ಕಮ್ಮಿ. ನೀರಿನೊಳಗೆ ತಿಳಿ ಕೆನೆಬಣ್ಣದ ಎಳೆಗಳು ಹರಿವಿನ ದಿಕ್ಕಿಗೇ ತಲೆ ಮಾಡಿ ಅಲ್ಲಾಡುತ್ತಿರುತ್ತವೆ. ಥೇಟ್ ಕುದಿಯುವ ನೀರಿಗೆ ಹಾಕಿದ ಶಾವಿಗೆ. ಆದರೆ ಆ ಒಂದೊಂದು ಎಳೆಯೂ ಕೈಕೈ ಹಿಡಿದುಕೊಂಡು ಸರಪಳಿಯಾದ ಬ್ಯಾಕ್ಟೀರಿಯಾಗಳ ಗುಂಪು. ಮುಖ್ಯವಾಗಿ ಇರುವ ಜೀವಿಯ ಹೆಸರು ಉದ್ದ: ಸಲ್ಫ್ಯೂರಿಹೈಡ್ರೋಜೆನಿಬಿಯಂ ಯೆಲ್ಲೋಸ್ಟೋನೆನ್ಸ್. ಇದಕ್ಕೆ ಬಿಸಿಲು ಬೇಡ. ಮ್ಯಾಮತ್‌ನಲ್ಲಿ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಇದೆಯಲ್ಲ, ಆ ಹೈಡ್ರೋಜನ್ ಸಲ್ಫೈಡೇ ಇದರ ಊಟ. ನೀರಿನಲ್ಲಿರುವ ಅಷ್ಟಿಷ್ಟು ಆಮ್ಲಜನಕದ ಜೊತೆ ಅದನ್ನು ಸೇರಿಸಿ, ಹೊರಬರುವ ಶಕ್ತಿಯಲ್ಲಿ ಬದುಕುತ್ತದೆ. ಅಷ್ಟು ರಭಸದಲ್ಲಿ ಒಂಟಿ ಜೀವಕೋಶ ನಿಲ್ಲಲಾರದು, ಕೊಚ್ಚಿ ಹೋಗುತ್ತದೆ. ಅದಕ್ಕೇ ಎಳೆ ಕಟ್ಟಿಕೊಂಡು ಕಲ್ಲಿಗೆ ಅಂಟಿ ನಿಲ್ಲುತ್ತದೆ.

ಆ ಎಳೆಗಳೇ ನಮ್ಮ ಕಲ್ಲುಸಕ್ಕರೆಯ ದಾರ. ಅವುಗಳ ಮೈಮೇಲೆ ಅರಗೊನೈಟ್ ಸೂಜಿಗಳು ಕೂರುತ್ತವೆ. ಎಳೆ ಮುಂದಕ್ಕೆ ಬೆಳೆಯುತ್ತಾ ಹೋಗುತ್ತದೆ, ಹಿಂದಿನ ಭಾಗ ಕಲ್ಲಾಗುತ್ತಾ ಬರುತ್ತದೆ. ಇಂಥ ಕಲ್ಲಿನ ತುಂಡನ್ನು ಕಾಗದದಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಬಾಚಿದ ಕೂದಲು. ಗೆರೆಗಳೆಲ್ಲ ಒಂದೇ ದಿಕ್ಕಿಗೆ. ನಡುನಡುವೆ ಕೂದಲೆಳೆಗಿಂತ ಸಣ್ಣ ಟೊಳ್ಳು ಕೊಳವೆಗಳು. ಆ ಕೊಳವೆಯೊಳಗೆ ಒಂದು ಕಾಲದಲ್ಲಿ ಜೀವ ಇತ್ತು. ನೀರು ಬತ್ತಿ ಹೋಗಿರುತ್ತದೆ, ಬ್ಯಾಕ್ಟೀರಿಯಾ ಸತ್ತು ಕೊಳೆತು ಹೋಗಿರುತ್ತದೆ. ಆದರೂ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿತ್ತು ಎಂದು ಆ ಕಲ್ಲು ಹೇಳುತ್ತದೆ. ಬರೀ ರಸಾಯನ ಕ್ರಿಯೆಯಿಂದ ಕೂತ ಸುಣ್ಣದಲ್ಲಿ, ಅಂದರೆ ನಿಮ್ಮ ಹಂಡೆಯ ಸುಣ್ಣದಲ್ಲಿ, ಈ ಬಾಚಿದ ಗೆರೆ ಸಿಗುವುದಿಲ್ಲ. ಗೈಡ್ ಹೇಳಿದ ಮಾತಿನ ಸಾರ ಇರುವುದು ಇಲ್ಲೇ.

ಮೂರನೆಯದು ಕೊಳಗಳು. ನೀರು ಇಲ್ಲಿ ನಿಧಾನ. 60 ಡಿಗ್ರಿಯಿಂದ 30ರವರೆಗೂ ಇಳಿಯುತ್ತದೆ. ಬಿಸಿಲಿನಿಂದ ಊಟ ಮಾಡಿಕೊಳ್ಳುವ ಜೀವಿಗಳು ಇಲ್ಲಿ ತಳದಲ್ಲಿ ಚಾಪೆ ಹಾಸಿದ ಹಾಗೆ ಹರಡಿರುತ್ತವೆ. ಕಿತ್ತಳೆ, ಹಸಿರು, ಕಂದು ಬಣ್ಣದ ಲೋಳೆ ಚಾಪೆ. ನೀರಿನ ಮೇಲ್ಮೈಯಲ್ಲಿ ನಿಂತ ಹಾಲಿಗೆ ಕೆನೆ ಕಟ್ಟಿದ ಹಾಗೆ ತೆಳ್ಳಗೆ ಸುಣ್ಣದ ಹಾಳೆ ತೇಲುತ್ತಿರುತ್ತದೆ. ದಪ್ಪವಾದರೆ ಮುರಿದು ಮುಳುಗುತ್ತದೆ. ಇನ್ನೊಂದು ಚಂದದ ವಿಷಯ: ಚಾಪೆಯೊಳಗಿಂದ ಆಮ್ಲಜನಕದ ಗುಳ್ಳೆಗಳು ಏಳುತ್ತವೆ. ಕೆಲವು ಲೋಳೆಯೊಳಗೇ ಸಿಕ್ಕಿಕೊಳ್ಳುತ್ತವೆ. ಗುಳ್ಳೆ ಒಡೆಯುವ ಮೊದಲೇ ಅದರ ಸುತ್ತ ಸುಣ್ಣ ಕೂತು ಟೊಳ್ಳು ಗೋಲಿಯಾಗಿಬಿಡುತ್ತದೆ. ಒಂದು ಜೀವಿಯ ಉಸಿರು ಕಲ್ಲಿನ ಚಿಪ್ಪಿನೊಳಗೆ ಅಚ್ಚಾಗಿ ಉಳಿಯುತ್ತದೆ.

ಕೊಳದ ಅಂಚಿನಲ್ಲಿರುವ ಕಟ್ಟೆ, ಅಂದರೆ ನೀವು ಫೋಟೋ ತೆಗೆದ ಆ ಮೆಟ್ಟಿಲುಗಳು, ನಾಲ್ಕನೆಯ ಪಟ್ಟಿ. ಮಲೆನಾಡಿನ ಗದ್ದೆಗಳಿಗೆ ಬದು ಇರುವ ಹಾಗೆ ಒಂದೊಂದು ಕೊಳಕ್ಕೂ ಬದು. ಈ ಬದು ಹಾಕಿದವರು ಮಾತ್ರ ಯಾರೂ ಇಲ್ಲ. ನೀರು ಅಂಚು ದಾಟುವಾಗ ತೆಳ್ಳಗಾಗುತ್ತದೆ, ರಭಸ ಹೆಚ್ಚುತ್ತದೆ, ಅನಿಲ ಬೇಗ ಬಿಟ್ಟುಹೋಗುತ್ತದೆ. ಹಾಗಾಗಿ ಅಂಚಿನಲ್ಲೇ ಸುಣ್ಣ ಜಾಸ್ತಿ ಕೂರುತ್ತದೆ. ಅಂಚು ಎತ್ತರವಾದಷ್ಟೂ ಹಿಂದೆ ನೀರು ನಿಲ್ಲುತ್ತದೆ. ಈ ಮೆಟ್ಟಿಲಿನ ದೊಡ್ಡ ಆಕಾರದಲ್ಲಿ ಭೌತಶಾಸ್ತ್ರದ ಪಾಲೇ ಜಾಸ್ತಿ ಎಂದು ನಾನು ಒಪ್ಪುತ್ತೇನೆ. ಜೀವಿಗಳ ಕೈಕೆಲಸ ಕಾಣಬೇಕೆಂದರೆ ಕಲ್ಲಿನ ಒಳಗಿನ ನೇಯ್ಗೆ ನೋಡಬೇಕು.

ಐದನೆಯ ಪಟ್ಟಿ ಕೊನೆಯ ಇಳಿಜಾರು. ನೀರು 30 ಡಿಗ್ರಿಯ ಆಸುಪಾಸು. ಇಲ್ಲಿ ಕೂರುವುದು ಕ್ಯಾಲ್ಸೈಟ್.

ಫೌಕ್ ಅವರ ತಂಡ ಈ ಐದೂ ಪಟ್ಟಿಗಳ ಬ್ಯಾಕ್ಟೀರಿಯಾಗಳ ವಂಶವಾಹಿಗಳನ್ನು ಓದಿ ಹೋಲಿಸಿತು. ಹೆಚ್ಚುಕಡಿಮೆ 10ರಲ್ಲಿ 9 ಬಗೆಗಳು ಯಾವುದಾದರೂ ಒಂದೇ ಪಟ್ಟಿಯಲ್ಲಿ ಸಿಕ್ಕವು. ಮೇಲಿನಿಂದ ಕೆಳಕ್ಕೆ ನೀರು ಒಂದೇ, ಅದು ಸತತವಾಗಿ ಹರಿಯುತ್ತಲೇ ಇದೆ. ಆದರೂ ಒಂದು ಬೀದಿಯವರು ಇನ್ನೊಂದು ಬೀದಿಯಲ್ಲಿ ಕಾಣುವುದಿಲ್ಲ. ಕಲ್ಲಿನ ರೂಪ ಎಲ್ಲಿ ಬದಲಾಗುತ್ತದೋ ಅಲ್ಲೇ ಜೀವಿಗಳ ಗುಂಪೂ ಬದಲಾಗುತ್ತದೆ.

ಇದನ್ನು ಕೇಳಿದ ಮೇಲೂ ನೀವು ನ್ಯಾಯವಾಗಿಯೇ ಒಂದು ಸಂಶಯ ಎತ್ತಬಹುದು. ಶಾಖ ಬದಲಾಯಿತು, ಅದಕ್ಕೆ ಕಲ್ಲೂ ಬದಲಾಯಿತು, ಜೀವಿಯೂ ಬದಲಾಯಿತು. ಜೀವಿಯೇ ಕಲ್ಲನ್ನು ಬದಲಿಸಿತು ಎನ್ನಲು ಸಾಕ್ಷಿ ಏನು? ಈ ವಾದ ಇವತ್ತಿನದಲ್ಲ. 1889ರಲ್ಲೇ ವಾಲ್ಟರ್ ವೀಡ್ ಎಂಬ ಅಮೆರಿಕನ್ ಭೂವಿಜ್ಞಾನಿ, ಯೆಲ್ಲೋಸ್ಟೋನ್ ಬುಗ್ಗೆಗಳ ಕಲ್ಲು ಬೆಳೆಯುವುದರಲ್ಲಿ ಅಲ್ಲಿನ ಪಾಚಿಯ ಪಾತ್ರ ಇದೆ ಎಂದು ಸರ್ಕಾರಿ ವರದಿಯಲ್ಲಿ ಬರೆದಿದ್ದರು. ಆಗ ಅದನ್ನು ಅಳೆದು ತೋರಿಸುವ ಉಪಾಯ ಇರಲಿಲ್ಲ. ಮ್ಯಾಮತ್‌ನಲ್ಲಿ ಮುಂದೆ ಮಾಡಿದ ಪ್ರಯೋಗದ ಉಪಾಯ ಸರಳ. ಬುಗ್ಗೆಯ ಅದೇ ನೀರು, ಅದೇ ಶಾಖ. ಒಂದು ಕಡೆ ನೀರನ್ನು ಹಾಗೇ ಹರಿಸುವುದು. ಇನ್ನೊಂದು ಕಡೆ ಬಹಳ ಸಣ್ಣ ರಂಧ್ರದ ಸೋಸುಕದಲ್ಲಿ ಸೋಸಿ, ಸೂಕ್ಷ್ಮಜೀವಿಗಳನ್ನು ತೆಗೆದು ಹರಿಸುವುದು. ಆಮೇಲೆ ಎರಡೂ ಕಡೆ ಎಷ್ಟು ಕಲ್ಲು ಕೂತಿದೆ ಎಂದು ಅಳೆಯುವುದು. ಸೋಸಿದ ನೀರಿನಲ್ಲೂ ಕಲ್ಲು ಕೂತಿತು. ಆದರೆ ಜೀವಿಗಳಿದ್ದ ಕಡೆ ಅದಕ್ಕಿಂತ ದುಪ್ಪಟ್ಟಿಗಿಂತಲೂ ಜಾಸ್ತಿ ವೇಗದಲ್ಲಿ ಕೂತಿತು. ನಿಮ್ಮ ಮನೆಯ ಚರ್ಚೆಗೆ ಇದಕ್ಕಿಂತ ನೇರ ಉತ್ತರ ನನ್ನಲ್ಲಿಲ್ಲ. ತಾಯಿಯವರೂ ಸರಿ, ಗೈಡೂ ಸರಿ.

ಜೀವಿಗಳು ವೇಗ ಹೆಚ್ಚಿಸುವುದು ಹೇಗೆ? ಮುಖ್ಯವಾಗಿ ಲೋಳೆಯಿಂದ. ಬ್ಯಾಕ್ಟೀರಿಯಾದ ಹೊರಮೈ ಮತ್ತು ಅದು ಸುರಿಸುವ ಲೋಳೆಯಲ್ಲಿ ಋಣ ವಿದ್ಯುದಂಶ ಇರುವ ಜಾಗಗಳಿವೆ. ನೀರಿನಲ್ಲಿರುವ ಕ್ಯಾಲ್ಸಿಯಂಗೆ ಧನ ವಿದ್ಯುದಂಶ. ಎರಡೂ ಅಂಟುತ್ತವೆ. ಹರಳು ಹುಟ್ಟಲು ಬೇಕಾದ ಮೊದಲ ಹೆಜ್ಜೆ ಅಲ್ಲಿ ಸುಲಭವಾಗುತ್ತದೆ. ಇದರಲ್ಲಿ ಒಂದು ತಿರುವು ಇದೆ. ತಾಜಾ ಲೋಳೆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹರಳಾಗದಂತೆ ತಡೆಯಲೂಬಹುದು. ಹಿಡಿಯುವ ಜಾಗವೆಲ್ಲ ತುಂಬಿದ ಮೇಲೆ, ಇಲ್ಲವೇ ಲೋಳೆ ಕೊಳೆಯಲು ಶುರುವಾದ ಮೇಲೆ, ಹರಳು ಸಲೀಸಾಗಿ ಬೆಳೆಯುತ್ತದೆ. ಬದುಕಿರುವ ಜೀವಿಗೆ ಇದು ಅನುಕೂಲವೇ, ತಾನೇ ಕಲ್ಲಿನಲ್ಲಿ ಹೂತು ಹೋಗುವುದು ಅದಕ್ಕೂ ಬೇಡ ತಾನೇ.

ಇನ್ನೊಂದು ದಾರಿ ದ್ಯುತಿಸಂಶ್ಲೇಷಣೆ. ಕೊಳದ ಹಸಿರು ಜೀವಿಗಳು ನೀರಿನಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅನಿಲ ಗಾಳಿಗೆ ಹೋದರೂ ಅಷ್ಟೇ, ಜೀವಿ ತಿಂದರೂ ಅಷ್ಟೇ. ಹುಳಿ ಕಮ್ಮಿಯಾಗಿ ಸುಣ್ಣ ಕೂರುತ್ತದೆ. ಬುಗ್ಗೆಯ ಬಾಯಿಯ ಹತ್ತಿರ ಗಾಳಿಗೆ ಹೋಗುವ ಅನಿಲದ ಮುಂದೆ ಇದು ಲೆಕ್ಕಕ್ಕಿಲ್ಲ. ನೀರು ತಣ್ಣಗಾಗಿ ನಿಧಾನವಾದ ಕಡೆ ಇದಕ್ಕೆ ಬೆಲೆ ಬರುತ್ತದೆ. ಜಪಾನಿನ ಕೆಲವು ಬುಗ್ಗೆಗಳ ಟ್ರಾವರ್ಟೈನ್‌ನಲ್ಲಿ ದಿನಕ್ಕೊಂದು ಪದರ ಎಣಿಸಬಹುದು. ಹಗಲು ಚುರುಕಾಗುವ, ರಾತ್ರಿ ಸುಮ್ಮನಾಗುವ ಜೀವಿಗಳು ಬಿಟ್ಟ ಗುರುತು ಅದು.

ಈಗ ಬಣ್ಣ. ಬಿಳಿ ಕಲ್ಲಿನದು. ಹಳದಿ, ಕಿತ್ತಳೆ, ಹಸಿರು, ಕಂದು ಬಹುಪಾಲು ಜೀವಿಗಳದು. ಬಿಸಿಲಿನಿಂದ ಊಟ ಮಾಡಿಕೊಳ್ಳುವ ಯಾವ ಜೀವಿಯೂ ಸುಮಾರು 73 ಡಿಗ್ರಿಗಿಂತ ಮೇಲೆ ಬದುಕಲಾರದು. ಹಾಗಾಗಿ ಬಣ್ಣದ ಚಾಪೆ ಶುರುವಾಗುವ ಗೆರೆ ಒಂದು ಥರ್ಮಾಮೀಟರ್ ಇದ್ದ ಹಾಗೆ. ನೀವು ಯೆಲ್ಲೋಸ್ಟೋನ್‌ನಲ್ಲೇ ಇರುವ ಗ್ರ್ಯಾಂಡ್ ಪ್ರಿಸ್ಮಾಟಿಕ್ ಬುಗ್ಗೆ ನೋಡಿದ್ದರೆ, ನಡುವಿನ ಕಡು ನೀಲಿಯಲ್ಲಿ ಈ ಜೀವಿಗಳಿಲ್ಲ, ಅಲ್ಲಿ ನೀರು ಅಷ್ಟು ಬಿಸಿ. ಆ ನೀಲಿ ಆಳವಾದ ಶುದ್ಧ ನೀರಿನದು. ಅಂಚಿಗೆ ಬಂದ ಹಾಗೆ ಹಳದಿ, ಆಮೇಲೆ ಕಿತ್ತಳೆ, ಆಮೇಲೆ ಕಂದುಗೆಂಪು. ಕಿತ್ತಳೆಗೆ ಕಾರಣ ಕ್ಯಾರೊಟಿನಾಯ್ಡ್, ಕ್ಯಾರೆಟ್‌ಗೆ ಬಣ್ಣ ಕೊಡುವ ಜಾತಿಯದೇ. ಬೇಸಿಗೆಯ ತೀಕ್ಷ್ಣ ಬಿಸಿಲಿನಿಂದ ಜೀವಕೋಶವನ್ನು ಕಾಪಾಡಲು ಅದು ಜಾಸ್ತಿ ಬೇಕು. ಚಳಿಗಾಲದಲ್ಲಿ ಅದು ಕಮ್ಮಿಯಾಗಿ ಹಸಿರು ಎದ್ದು ಕಾಣುತ್ತದೆ. ಮ್ಯಾಮತ್‌ನಲ್ಲಿ ಬೂದುಬಣ್ಣದ ಮಂಕು ಮೆಟ್ಟಿಲುಗಳನ್ನೂ ನೀವು ನೋಡಿರುತ್ತೀರಿ. ಅಲ್ಲಿ ನೀರು ಬರುವುದು ನಿಂತಿದೆ, ಅಷ್ಟೇ. ಬುಗ್ಗೆ ಸತ್ತಿತು ಎಂದು ಬೇಜಾರು ಮಾಡಿಕೊಳ್ಳಬೇಡಿ. ತನ್ನದೇ ಸುಣ್ಣದಿಂದ ದಾರಿ ಮುಚ್ಚಿಹೋಗಿ ನೀರು ಇನ್ನೊಂದು ಕಡೆ ಬಾಯಿ ತೆರೆದಿರುತ್ತದೆ.

ಅಷ್ಟು ಬಿಸಿಯಲ್ಲಿ ಬದುಕುವುದು ಹೇಗೆ? ಮೊಟ್ಟೆ ಬೇಯಿಸಿದರೆ ಗಟ್ಟಿಯಾಗುತ್ತದೆ, ಏಕೆಂದರೆ ಅದರ ಪ್ರೋಟೀನುಗಳ ಮಡಿಕೆ ಬಿಚ್ಚಿ ಒಂದಕ್ಕೊಂದು ಗಂಟು ಬೀಳುತ್ತವೆ. ಬಿಸಿ ಬುಗ್ಗೆಯ ಜೀವಿಗಳ ಪ್ರೋಟೀನುಗಳು ಒಳಗೊಳಗೇ ಬಿಗಿಯಾಗಿ ಹೆಣೆದುಕೊಂಡಿರುತ್ತವೆ, ಆ ಬಿಸಿಗೆ ಬಿಚ್ಚುವುದಿಲ್ಲ. ಯೆಲ್ಲೋಸ್ಟೋನ್‌ನಲ್ಲಿ ಇದನ್ನು ಮೊದಲು ಗಂಭೀರವಾಗಿ ಹುಡುಕಿದವರು ಥಾಮಸ್ ಬ್ರಾಕ್. ಅವರು ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಹಡ್ಸನ್ ಫ್ರೀಜ್, ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ 1966ರಲ್ಲಿ ಒಂದು ಬ್ಯಾಕ್ಟೀರಿಯಾ ತೆಗೆದು ಬೆಳೆಸಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು ಪ್ರಕಟಿಸಿದರು. ಡಿಎನ್‌ಎ ತುಣುಕಿನ ನಕಲುಗಳನ್ನು ರಾಶಿ ರಾಶಿ ತೆಗೆಯುವ ಪಿಸಿಆರ್ ವಿಧಾನವನ್ನು ಎಲ್ಲ ಲ್ಯಾಬ್‌ಗಳಿಗೂ ತಲುಪಿಸಿದ್ದು ಬಿಸಿಗೆ ಕೆಡದ ಅದರ ಕಿಣ್ವ. ಪಿಸಿಆರ್‌ಗಾಗಿ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಆರ್‌ಟಿ-ಪಿಸಿಆರ್ ಪರೀಕ್ಷೆಯ ಬೇರೂ ಆ ಬುಗ್ಗೆಯಲ್ಲೇ ಇದೆ.

ಸುಣ್ಣ ಬಿಟ್ಟು ಬೇರೆ ಖನಿಜಗಳ ಕಥೆ ಚುಟುಕಾಗಿ ಹೇಳುತ್ತೇನೆ. ಯೆಲ್ಲೋಸ್ಟೋನ್‌ನ ಹೆಸರಾಂತ ಬಿಸಿನೀರಿನ ಚಿಲುಮೆ ಓಲ್ಡ್ ಫೇತ್‌ಫುಲ್ ಚಿಮ್ಮುವ ಕಡೆ ಅಡಿಯಲ್ಲಿರುವುದು ಸುಣ್ಣದಕಲ್ಲಲ್ಲ, ರಯೋಲೈಟ್ ಎಂಬ ಜ್ವಾಲಾಮುಖಿ ಕಲ್ಲು. ಅಲ್ಲಿನ ನೀರು ಹೊತ್ತು ತರುವುದು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು. ನೀರು ಆರಿ, ಆವಿಯಾದ ಹಾಗೆ ಅದು ಓಪಲ್ ರೂಪದಲ್ಲಿ ಕೂರುತ್ತದೆ, ಸುಣ್ಣಕ್ಕಿಂತ ಎಷ್ಟೋ ನಿಧಾನವಾಗಿ. ಸಿಲಿಕಾ ಜೀವಕೋಶದ ಮೇಲೆ ಬಹಳ ನವಿರಾಗಿ ಕೂರುತ್ತದೆ, ಕೆಲವೊಮ್ಮೆ ಎಳೆಯ ಆಕಾರವನ್ನು ಹಾಗೇ ಅಚ್ಚು ತೆಗೆದಿಡುತ್ತದೆ. ಚಾಕೊಲೇಟ್ ಪಾಟ್ಸ್ ಎಂಬ ಬುಗ್ಗೆಯಲ್ಲಿ ನೀರಿನ ತುಂಬ ಕರಗಿದ ಕಬ್ಬಿಣ. ಗಾಳಿಯ ಆಮ್ಲಜನಕದ ಜೊತೆಗೆ ಹಸಿರು ಜೀವಿಗಳು ಬಿಡುವ ಆಮ್ಲಜನಕವೂ ಸೇರಿ ಅದು ತುಕ್ಕಾಗಿ ಕೂರುತ್ತದೆ. ದಿಬ್ಬ ಪೂರ್ತಿ ಕಂದು. ಇನ್ನು ಯೆಲ್ಲೋಸ್ಟೋನ್‌ನದೇ ಇನ್ನೊಂದು ಭಾಗವಾದ ನಾರಿಸ್ ಕಡೆ ಕೆಲಸ ತಿರುಗಾಮುರುಗಾ. ಅಲ್ಲಿನ ಸಲ್ಫೋಲೋಬಸ್ ಜಾತಿಯ ಜೀವಿಗಳು ಗಂಧಕವನ್ನು ಗಂಧಕಾಮ್ಲ ಮಾಡುತ್ತವೆ. ಆ ಆಮ್ಲ ಕಲ್ಲನ್ನು ತಿಂದು ಜೇಡಿಮಣ್ಣು ಮಾಡುತ್ತದೆ. ಬುಳುಕ್ ಬುಳುಕ್ ಎನ್ನುವ ಕೆಸರಿನ ಹೊಂಡಗಳು ಹೀಗೆ ಆದವು. ಸೂಕ್ಷ್ಮಜೀವಿ ಕಲ್ಲು ಕಟ್ಟುವುದಷ್ಟೇ ಅಲ್ಲ, ಕಲ್ಲು ಒಡೆಯುವುದೂ ಉಂಟು.

ಇದೆಲ್ಲ ಯಾಕೆ ಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯ ಬಿಸಿ ಬುಗ್ಗೆಯ ಸಿಲಿಕಾ ಕಲ್ಲು ಇರುವುದನ್ನು 2017ರಲ್ಲಿ ಸಂಶೋಧಕರು ವರದಿ ಮಾಡಿದರು, ಜೊತೆಗೆ ಜೀವದ ಗುರುತುಗಳನ್ನೂ ತೋರಿಸಿದರು. ಮೂಳೆ ಇಲ್ಲದ, ಚಿಪ್ಪು ಇಲ್ಲದ ಜೀವಿ ಇತ್ತು ಎಂದು ಅಷ್ಟು ಹಳೇ ಕಲ್ಲಿನಲ್ಲಿ ಗುರುತಿಸುವುದು ಹೇಗೆ? ಇವತ್ತು ಯೆಲ್ಲೋಸ್ಟೋನ್‌ನಲ್ಲಿ ಆ ಎಳೆಗಳು ಹೇಗೆ ಕಲ್ಲಾಗುತ್ತವೆ ಎಂದು ಕಣ್ಣಾರೆ ನೋಡಿದ್ದರಿಂದಲೇ. ಮಂಗಳದಲ್ಲೂ ಇದೇ ಪ್ರಶ್ನೆ. 2007ರಲ್ಲಿ ಅಲ್ಲಿ ಓಡಾಡುತ್ತಿದ್ದ ನಾಸಾದ ಸ್ಪಿರಿಟ್ ರೋವರ್‌ನ ಒಂದು ಮುಂಚಕ್ರ ಕೆಟ್ಟು ತಿರುಗುತ್ತಿರಲಿಲ್ಲ, ನೆಲ ಗೀಚಿಕೊಂಡು ಬರುತ್ತಿತ್ತು. ಆ ಗೀಚಿನಲ್ಲಿ ಬಿಳಿ ಮಣ್ಣು ಕಂಡಿತು. ಪರೀಕ್ಷಿಸಿದರೆ ಅದರಲ್ಲಿ ಬಹುಪಾಲು ಸಿಲಿಕಾ. ಹತ್ತಿರದಲ್ಲೇ ಬೆರಳಿನಂಥ ಚಾಚುಗಳಿದ್ದ ಸಿಲಿಕಾ ಗೆಡ್ಡೆಗಳೂ ಇದ್ದವು. ಅಂಥವೇ ಚಿಲಿ ದೇಶದ ಎಲ್ ಟಾಟಿಯೊ ಬುಗ್ಗೆಗಳಲ್ಲಿವೆ ಎಂದು 2016ರಲ್ಲಿ ತೋರಿಸಿದರು. ಎಲ್ ಟಾಟಿಯೊದಲ್ಲಿ ಅವು ಬೆಳೆಯುವುದರಲ್ಲಿ ಸೂಕ್ಷ್ಮಜೀವಿಗಳ ಪಾಲಿದೆ. ಮಂಗಳದ್ದಕ್ಕೂ ಇದೆ ಎಂದು ಯಾರೂ ಸಾಬೀತು ಮಾಡಿಲ್ಲ. ಬೆರಳಿನಾಕಾರ ಬರೀ ರಸಾಯನದಿಂದಲೂ ಬರಬಹುದು. ಸಿಯಾಟಲ್‌ನ ನಿಮ್ಮ ಊಟದ ಮೇಜಿನ ಮೇಲೆ ನಡೆದ ಚರ್ಚೆಯೇ ಮಂಗಳದ ಬಗ್ಗೆಯೂ ನಡೆಯುತ್ತಿದೆ.

ಭೂಮಿಗೇ ವಾಪಸು ಬಂದರೆ, ಫೌಕ್ ಅವರ ತಂಡವೇ ಟ್ರಾವರ್ಟೈನ್ ಪದರ ಓದಿದ ಕಣ್ಣಿನಲ್ಲಿ ಮೇಯೊ ಕ್ಲಿನಿಕ್ ವೈದ್ಯರ ಜೊತೆ ಸೇರಿ ಕಿಡ್ನಿ ಕಲ್ಲುಗಳನ್ನು ಪರೀಕ್ಷಿಸಿತು. ಅವೂ ಪದರ ಪದರವಾಗಿ ಬೆಳೆಯುತ್ತವೆ, ನಡುವೆ ದೇಹದೊಳಗೇ ಅರೆಬರೆ ಕರಗಿ ಮತ್ತೆ ಬೆಳೆಯುತ್ತವೆ ಎಂದು 2018ರಲ್ಲಿ ಪ್ರಕಟಿಸಿದರು. ಕಿಡ್ನಿ ಕಲ್ಲು ಕರಗುವುದೇ ಇಲ್ಲ ಎಂದು ಅಂದುಕೊಂಡಿದ್ದವರಿಗೆ ಇದು ದೊಡ್ಡ ಸುದ್ದಿ.

ತಾಯಿಯವರ ಜೊತೆ ಬೇರೆ ಬುಗ್ಗೆಗಳಿಗೆ ಹೋಗುವುದಿದ್ದರೆ ಒಂದು ಎಚ್ಚರಿಕೆ. 70 ಡಿಗ್ರಿಯಲ್ಲಿ ಬದುಕುವ ಜೀವಿಗೆ ನಮ್ಮ ಮೈ ಬಹಳ ತಣ್ಣಗಿನ ಜಾಗ, ಅವುಗಳಿಂದ ಕಾಯಿಲೆ ಬರುವುದಿಲ್ಲ. ಅಪಾಯ ಇರುವುದು ಹಿತವಾಗಿ ಬೆಚ್ಚಗಿರುವ, ಶುದ್ಧಿ ಮಾಡದ ನೀರಿನಲ್ಲಿ. ನೇಗ್ಲೇರಿಯಾ ಎಂಬ ಅಮೀಬಾ ಅಂಥಲ್ಲಿ ಇರಬಹುದು, ಮೂಗಿನ ಮೂಲಕ ಮೆದುಳಿಗೆ ಹೋಗುತ್ತದೆ. ಅಪರೂಪ, ಆದರೆ ಬಂದರೆ ಪ್ರಾಣಾಂತಿಕ. ಅಂಥ ನೀರಿನಲ್ಲಿ ಇಳಿದರೂ ತಲೆ ಮುಳುಗಿಸಬೇಡಿ, ಮೂಗಿಗೆ ನೀರು ಹೋಗಲು ಬಿಡಬೇಡಿ. ಯೆಲ್ಲೋಸ್ಟೋನ್‌ನಲ್ಲಂತೂ ಮರದ ದಾರಿ ಬಿಟ್ಟು ಇಳಿಯಲೇಬಾರದು. ಗಟ್ಟಿ ನೆಲದಂತೆ ಕಾಣುವುದು ಎಷ್ಟೋ ಕಡೆ ತೆಳ್ಳನೆ ಚಿಪ್ಪು, ಕೆಳಗೆ ಸುಡುನೀರು.

ಕರ್ನಾಟಕದ ವಿಷಯಕ್ಕೆ ಬರೋಣ. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. ನಮ್ಮಲ್ಲಿ ಹೆಸರಾದದ್ದು ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲಿನ ನೀರು ಹದವಾಗಿ ಬೆಚ್ಚಗಿರುತ್ತದೆ, ಅಷ್ಟೇ. ಮ್ಯಾಮತ್‌ನಂಥ ಬಿಳಿ ಮೆಟ್ಟಿಲು ಅಲ್ಲಿ ಸಿಗುವುದಿಲ್ಲ. ಕರಾವಳಿಯ ಆ ಭಾಗದ ಅಡಿಯಲ್ಲಿರುವುದು ಗಟ್ಟಿ ಹಳೇ ಬಂಡೆ, ನೀರಿಗೆ ಕರಗಿಸಿಕೊಂಡು ಬರಲು ಸುಣ್ಣದಕಲ್ಲು ಇಲ್ಲ. ಭಾರತದಲ್ಲೇ ಖನಿಜ ಕೂರುವುದನ್ನು ನೋಡಬೇಕೆಂದರೆ ಲಡಾಖ್‌ನ ಪೂಗಾ ಕಣಿವೆ ಇದೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರ. ತ್ಸೊ ಮೊರಿರಿ ಸರೋವರಕ್ಕೆ ಹೋಗುವವರಿಗೆ ಹತ್ತಿರವೇ ಸಿಗುತ್ತದೆ. ನೆಲದ ಮೇಲೆ ಬಿಳಿ ಬೊರಾಕ್ಸ್, ಹಳದಿ ಗಂಧಕ, ನಡುವೆ ಹರಿಯುವ ಬಿಸಿನೀರಿನಲ್ಲಿ ಬಣ್ಣಬಣ್ಣದ ಲೋಳೆ ಚಾಪೆ.

ಅಷ್ಟು ದೂರ ಹೋಗುವುದೂ ಬೇಡ. ತಾಯಿಯವರು ಊರಿಗೆ ವಾಪಸಾದ ಮೇಲೆ, ಗಡಸು ನೀರಿನ ಬೋರ್‌ವೆಲ್ ಪೈಪ್ ಎಲ್ಲಾದರೂ ತೊಟ್ಟಿಕ್ಕುವ ಜಾಗ ಹುಡುಕಲಿ. ಕೆಳಗಿನ ಕಲ್ಲಿನ ಮೇಲೆ ಹಸಿರು ಪಾಚಿ ಇರುತ್ತದೆ, ಅದರೊಳಗೆ ಬಿಳಿ ಪೊರೆಯೂ ಇದ್ದರೆ ಉಗುರಿನಿಂದ ಒಂದು ಚೂರು ಎಬ್ಬಿಸಲಿ. ಮೊಮ್ಮಕ್ಕಳ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಪಾಚಿಯ ಎಳೆಗಳ ಸುತ್ತ ಬಿಳಿ ಕಣಗಳು ಅಂಟಿರುವುದು ಕಾಣಬಹುದು. ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ನೀರಿನೊಳಗಿಂದ ಹೊರಬೀಳದೆ ಸುಣ್ಣದಲ್ಲಿ ಉಳಿದುಕೊಂಡಿದ್ದ ಕಾರ್ಬನ್ ಡೈಆಕ್ಸೈಡ್ ಆಗ ಗಾಳಿಗೆ ಹೋಗುತ್ತಿರುತ್ತದೆ.